ಇಸುಬಿಗೂ ಉಬ್ಬಸಕ್ಕೂ ಒಂದೇ ಮದ್ದು!

ಕೆಲವು ಮಕ್ಕಳಿಗೆ ಎಳವೆಯಲ್ಲೇ ಮೊಣಕೈ, ಮಂಡಿಗಳ ಮಡಿಕೆಯಲ್ಲಿ ಇಸುಬು ಏಳುತ್ತದೆ. ಶಾಲೆಗೆ ಸೇರುವ ವೇಳೆಗೆ ಅಂಥ ಕೆಲವರಿಗೆ ಆಸ್ತಮಾ ಕೂಡ ಜೊತೆಯಾಗುತ್ತದೆ. ಒಂದು ಚರ್ಮದ ಕಾಯಿಲೆ, ಇನ್ನೊಂದು ಉಸಿರಾಟದ್ದು. ಇವೆರಡಕ್ಕೂ ಏನು ನಂಟು?

ಉತ್ತರವಿರುವುದು ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿ. ಬಿಳಿರಕ್ತಕಣಗಳು ಪರಸ್ಪರ ಸುದ್ದಿ ಮುಟ್ಟಿಸುವುದು ಇಂಟರ್‌ಲ್ಯೂಕಿನ್ ಎಂಬ ಪುಟ್ಟ ಪ್ರೋಟೀನುಗಳ ಮೂಲಕ. ಇವುಗಳನ್ನು ಗುರುತಿಸುವುದು ಸಂಖ್ಯೆಯಿಂದ. 4ನೆಯದು ‘ಐಜಿಇ’ ಎಂಬ ಪ್ರತಿಕಾಯದ ತಯಾರಿಕೆಗೆ ಅಪ್ಪಣೆ ಕೊಡುತ್ತದೆ. 5ನೆಯದು ಇಯೊಸಿನೊಫಿಲ್ ಎಂಬ ಬಿಳಿಕಣಗಳನ್ನು ಹೆಚ್ಚಿಸುತ್ತದೆ. 13ನೆಯದು ಶ್ವಾಸನಾಳದಲ್ಲಿ ಕಫ ಹೆಚ್ಚಿಸುತ್ತದೆ. 4 ಮತ್ತು 13 ಸೇರಿ ಚರ್ಮದ ಕಾವಲುಗೋಡೆಯನ್ನೂ ಸಡಿಲಗೊಳಿಸುತ್ತವೆ. ಜಂತುಹುಳುಗಳನ್ನು ಎದುರಿಸಲು ಈ ಏರ್ಪಾಡು ಬೇಕು. ಆದರೆ ಅಲರ್ಜಿ ಇರುವವರಲ್ಲಿ ಮನೆಯ ಧೂಳು, ಹೂವಿನ ಪರಾಗಕ್ಕೂ ಇದೇ ತುರ್ತು ಕರೆ ಹೊರಡುತ್ತದೆ. ಶ್ವಾಸನಾಳ ಬಿಗಿದು ಉಬ್ಬಸ ಬರುತ್ತದೆ. ಚರ್ಮ ಕೆಂಪೇರಿ ತುರಿಸುತ್ತದೆ.

ಕಾಯಿಲೆ ಉಲ್ಬಣಿಸಿದಾಗ ಕೊಡುವ ಸ್ಟೀರಾಯ್ಡ್ ಮಾತ್ರೆ ಇಡೀ ವ್ಯವಸ್ಥೆಯನ್ನೇ ಅದುಮುತ್ತದೆ. ಒಂದು ಮನೆಯ ದೀಪ ಆರಿಸಲು ಊರಿಗೆಲ್ಲ ಕರೆಂಟ್ ತೆಗೆದಂತೆ! ಬಹುಕಾಲ ನುಂಗಿದರೆ ಮೂಳೆ ಸವೆಯಬಹುದು, ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು.

ಬೇಕಾದ ಸಂದೇಶವನ್ನಷ್ಟೇ ತಡೆಯುವ ದಾರಿ ತೆರೆದದ್ದು 1975ರಲ್ಲಿ. ಒಂದೇ ಗುರಿಗೆ ಅಂಟುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೇಂಬ್ರಿಡ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. 1984ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರೂ ಪಾಲು ಪಡೆದರು. ಹೀಗೆ ಜೀವಕೋಶಗಳಲ್ಲಿ ತಯಾರಾಗುವ ಔಷಧಗಳಿಗೆ ‘ಬಯೊಲಾಜಿಕ್’ ಎಂದು ಹೆಸರು. ಇವೂ ಪ್ರೋಟೀನುಗಳೇ. ನುಂಗಿದರೆ ಅನ್ನ, ಬೇಳೆಯಂತೆ ಜೀರ್ಣವಾಗಿಬಿಡುತ್ತವೆ. ಆದ್ದರಿಂದ ಇಂಜೆಕ್ಷನ್ನೇ ಗತಿ.

ಐಜಿಇಯನ್ನು ಹಿಡಿದುಹಾಕುವ ಒಮಾಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ದೊರೆಯಿತು. 5ನೆಯ ಇಂಟರ್‌ಲ್ಯೂಕಿನ್ ತಡೆಯುವ ಮೆಪೊಲಿಜುಮ್ಯಾಬ್ 2015ರಲ್ಲಿ ಬಂದಿತು. ಡುಪಿಲುಮ್ಯಾಬ್‌ನ ಕಥೆ ಇನ್ನೂ ಸ್ವಾರಸ್ಯಕರ. 4 ಮತ್ತು 13 ಎರಡೂ ಜೀವಕೋಶದ ಮೇಲಿನ ಒಂದೇ ಗ್ರಾಹಕವನ್ನು ಬಳಸುತ್ತವೆ. ಆ ಬಾಗಿಲಿಗೆ ಬೀಗ ಹಾಕಿದರೆ ಎರಡೂ ಸಂದೇಶ ಹೊರಗೇ ಉಳಿಯುತ್ತವೆ. ಈ ಔಷಧಕ್ಕೆ 2017ರಲ್ಲಿ ಇಸುಬಿಗೆ, 2018ರಲ್ಲಿ ಆಸ್ತಮಾಕ್ಕೆ ಒಪ್ಪಿಗೆ ಸಿಕ್ಕಿತು. ಎರಡೂ ಕಾಯಿಲೆಗಳ ಬೇರು ಒಂದೇ ಕಡೆ ಇದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಹಾಗೆಂದು ಇದು ಸಂಜೀವಿನಿಯಲ್ಲ. ಔಷಧ ನಿಲ್ಲಿಸಿದರೆ ಸಂದೇಶಗಳು ಮರಳಬಹುದು. ಬೆಲೆ ದುಬಾರಿ, ಡುಪಿಲುಮ್ಯಾಬ್‌ನಿಂದ ಕೆಲವರಿಗೆ ಕಣ್ಣು ಕೆಂಪಾಗುತ್ತದೆ. ಮಾಮೂಲು ಚಿಕಿತ್ಸೆಗೆ ಬಗ್ಗದ ತೀವ್ರ ಕಾಯಿಲೆಗೆ ಮಾತ್ರ, ರಕ್ತಪರೀಕ್ಷೆ ನೋಡಿ, ತಜ್ಞ ವೈದ್ಯರು ಇವನ್ನು ಆರಿಸುತ್ತಾರೆ. ಥಟ್ಟನೆ ಬಂದ ಉಬ್ಬಸವನ್ನು ಇವು ಇಳಿಸುವುದಿಲ್ಲ.

ಆಸ್ತಮಾ ಇರುವ ಹೆಚ್ಚಿನ ಮಕ್ಕಳಿಗೆ ಈ ಇಂಜೆಕ್ಷನ್ ಬೇಕಾಗುವುದೂ ಇಲ್ಲ. ದಿನನಿತ್ಯದ ಇನ್‌ಹೇಲರ್ ಅತಿ ಕಡಿಮೆ ಪ್ರಮಾಣದ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೇ ತಲುಪಿಸುತ್ತದೆ. ‘ಅದು ಚಟವಾಗುತ್ತದೆ’ ಎಂಬ ಅಂಜಿಕೆಯಿಂದ ತಂದೆತಾಯಿಯರು ಅದನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಇನ್‌ಹೇಲರ್ ಚಟವಾಗುವುದಿಲ್ಲ, ಅದನ್ನು ಬಿಟ್ಟ ಮಗುವಿಗೆ ಉಬ್ಬಸ ಮರುಕಳಿಸಬಹುದು.