ಕಾಯುವವರಿಗೆ ಯಾರು ಕಾವಲು?

ಕಳೆದ ಮಳೆಗಾಲದಲ್ಲಿ ನಮ್ಮ ಮಾವನವರಿಗೆ ಉಬ್ಬಸ ಹೆಚ್ಚಾಗಿ, ರಾತ್ರೋರಾತ್ರಿ ಮುಂಬಯಿಯ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ವಾರ್ಡಿನ ತುಂಬ ರೋಗಿಗಳು. ನೋಡಿಕೊಳ್ಳಲು ದಾದಿಯರು ಇಬ್ಬರೇ. ಎರಡು ಸಲ ಕರೆದರೂ ಯಾರೂ ಬರಲಿಲ್ಲವೆಂದು ನನ್ನ ತಾಳ್ಮೆ ತಪ್ಪಿತು. ಮೇಜು ಗುದ್ದಿ, “ನಿಮಗೆ ಸಂಬಳ ಕೊಡುವುದೇತಕ್ಕೆ?” ಎಂದು ಕೂಗಿದೆ. ಎದುರಿದ್ದ ಹುಡುಗಿ ಏನೂ ಹೇಳದೆ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಹೊಡೆಯಬಹುದೆಂದು ಆಕೆ ಹೆದರಿದ್ದಳು.

ವಾಚಕರೆ, ನಾನೂ ಸರಕಾರಿ ಗುಮಾಸ್ತನೇ. ಅದೇ ಮಾತನ್ನು ನಾನೂ ದಿನವೂ ಕೇಳುವವನೇ. ಆದರೆ ನನಗೂ ಬೈಯುವವರಿಗೂ ನಡುವೆ ಒಂದು ಗಾಜು ಇದೆ. ಸಂಜೆಯಾದರೆ ಕಛೇರಿ ಮುಚ್ಚುತ್ತದೆ. ದಾದಿಗೆ ಇವೆರಡೂ ಇಲ್ಲ.

ಚೇತರಿಸಿಕೊಂಡ ಮೇಲೆ ಮಾವನವರು ಒಂದು ಮಾತು ಹೇಳಿದರು: “ನಮ್ಮ ಹೊನ್ನಾವರದ ಕಡೆಯ ಹುಡುಗಿಯೊಬ್ಬಳೂ ಇದೇ ಕೆಲಸಕ್ಕೆಂದು ಈ ಊರಿಗೆ ಬಂದಿದ್ದಳು. ಮರೆತಿರೇನು?”

ಮರೆಯುವುದು ಹೇಗೆ! ಹಳದೀಪುರದ ಅರುಣಾ ಶಾನಭಾಗ ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ, ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಹೋದಾಗ, ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕೊರಳು ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಪ್ರಾಣವಾಯು ದೊರೆಯದೆ ಹೋದ ಆಕೆ ಮತ್ತೆ ಎಚ್ಚರದ ಬಾಳಿಗೆ ಮರಳಲಿಲ್ಲ. ಅಪರಾಧಿಗೆ ವಿಧಿಸಿದ ಸೆರೆವಾಸ ಏಳು ವರ್ಷ. ಆಕೆ ಹಾಸಿಗೆ ಹಿಡಿದದ್ದು ಸುಮಾರು 42 ವರ್ಷ. 2015ರ ಮೇ 18ರಂದು ತೀರಿಕೊಂಡರು.

ಅಷ್ಟು ಕಾಲವೂ ಆಕೆಯನ್ನು ಸಲಹಿದವರು ಅದೇ ಆಸ್ಪತ್ರೆಯ ದಾದಿಯರು. ಘಟನೆಯ ತರುವಾಯ ಅವರು ಅರುಣಾರ ಆರೈಕೆಗಾಗಿಯೂ ತಮ್ಮ ಸ್ಥಿತಿಗತಿ ಸುಧಾರಿಸಬೇಕೆಂದೂ ಮುಷ್ಕರ ಹೂಡಿದರು. ಆಕೆಯನ್ನು ಬೇರೆಡೆಗೆ ಸಾಗಿಸಲು ಯತ್ನ ನಡೆದಾಗಲೂ ಬಿಟ್ಟುಕೊಡಲಿಲ್ಲ. 2011ರಲ್ಲಿ ದಯಾಮರಣದ ಅರ್ಜಿಯನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟು, ಆಕೆಗೆ ನಿಜವಾದ ಹತ್ತಿರದವರು ಆ ಸಿಬ್ಬಂದಿಯೇ ಎಂದು ಮನ್ನಿಸಿತು.

ಇಷ್ಟಾದರೂ ನಾವು ಕಲಿತದ್ದೆಷ್ಟು? 2024ರ ಆಗಸ್ಟ್ 9ರಂದು ಕಲಕತ್ತೆಯ ಆರ್. ಜಿ. ಕರ್ ಆಸ್ಪತ್ರೆಯಲ್ಲಿ, ರಾತ್ರಿ ಪಾಳಿಯಲ್ಲಿದ್ದ ತರುಣ ವೈದ್ಯೆಯೊಬ್ಬರು ಅತ್ಯಾಚಾರಕ್ಕೂ ಕೊಲೆಗೂ ಬಲಿಯಾದರು. ಅವರು ತುಸು ವಿಶ್ರಮಿಸಲು ಹೋದದ್ದು ವಿಚಾರಗೋಷ್ಠಿಯ ಕೋಣೆಗೆ. ಒಬ್ಬರು ಬಟ್ಟೆ ಬದಲಾಯಿಸಲು, ಇನ್ನೊಬ್ಬರು ಕಣ್ಣು ಮುಚ್ಚಲು ಜಾಗ ಹುಡುಕಿಕೊಂಡು ಹೋದವರು. ಅದೇ ತಿಂಗಳ 20ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿ, ವಿಶ್ರಾಂತಿಯ ಕೋಣೆಗಳ ಅಭಾವವನ್ನೂ ಎಡೆಬಿಡದ 36 ಗಂಟೆಗಳ ದುಡಿಮೆಯನ್ನೂ ಎತ್ತಿ ಹೇಳಿತು.

ಕಾಯಿದೆಗಳೇನೋ ಇವೆ. ಮಹಾರಾಷ್ಟ್ರದ 2010ರ ಕಾಯಿದೆಯಂತೆ ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಮೂರು ವರ್ಷಗಳವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ; ಆಸ್ತಿಗೆ ಹಾನಿ ಮಾಡಿದರೆ ಅದರ ಎರಡರಷ್ಟು ಪರಿಹಾರ. ಕರ್ನಾಟಕದಲ್ಲೂ 2009ರಲ್ಲೇ ಇಂಥ ಕಾಯಿದೆ ಬಂದಿದೆ. ಆದರೆ ಶಿಕ್ಷೆ ಬರುವುದು ಪೆಟ್ಟು ಬಿದ್ದ ಮೇಲೆ. ಒಳಗಿನಿಂದ ಅಗುಳಿ ಹಾಕುವ ಕೋಣೆ, ದಾರಿಯುದ್ದಕ್ಕೂ ದೀಪ, ರಾತ್ರಿ ಮನೆ ಮುಟ್ಟಿಸುವ ವಾಹನ, ಸಾಕಷ್ಟು ಜನ: ಇವು ಮೊದಲೇ ಇರತಕ್ಕವು.

ನಮ್ಮ ಪಾಲಿನ ಕೆಲಸವೂ ಇದೆ. ರೋಗಿಯ ಬಳಿ ಒಬ್ಬರೇ ಇರೋಣ, ಹತ್ತು ಜನ ಮುತ್ತುವುದು ಬೇಡ. ತಡವಾದರೆ ಕಾರಣ ಕೇಳೋಣ. ದೂರಿದ್ದರೆ ಮೇಲಧಿಕಾರಿಗೆ ಬರೆದು ಕೊಡೋಣ. ಬರೆದ ಕಾಗದಕ್ಕೆ ಉತ್ತರ ಕೊಡಲೇಬೇಕೆಂಬುದು ಗುಮಾಸ್ತನಾದ ನನಗೆ ಗೊತ್ತು.

ಮಾವನವರನ್ನು ಮನೆಗೆ ಕಳುಹಿಸಿದ ದಿನ ಆ ಹುಡುಗಿಯನ್ನು ಹುಡುಕಿ ಕ್ಷಮೆ ಕೇಳಿದೆ. ಆಕೆಗೆ ನನ್ನ ಗುರುತೇ ಹತ್ತಲಿಲ್ಲ. “ಯಾವ ದಿನ? ದಿನಕ್ಕೊಬ್ಬರಾದರೂ ಹಾಗೆ ಕೂಗುತ್ತಾರೆ” ಎಂದಳು. ಆಕೆ ಮರೆತದ್ದು ನನಗೆ ಸಮಾಧಾನ ತರಲಿಲ್ಲ.