ಕಸಿಯವರನ್ನು ಗೊತ್ತುಮಾಡುವ ಮುನ್ನ

ಅರೇಬಿಕಾ ಕೊಯ್ಲು ಮುಗಿದೊಡನೆ ಗಿಡಕಸಿಯ ಚಿಂತೆ. ಮನೆಮಂದಿಯೇ ಕತ್ತರಿ ಹಿಡಿಯುವುದು ಅಪರೂಪವಾಗಿ, ನಮ್ಮಂಥ ಸಣ್ಣ ಹಿಡುವಳಿದಾರರೂ ಊರಿನ ಕಸಿಯವರನ್ನೇ ನೆಚ್ಚಬೇಕಾಗಿದೆ. ಆದರೆ ಗಿಡಕ್ಕಿಷ್ಟೆಂದು ಗುತ್ತಿಗೆ ಕೊಡುವುದು ನಮಗೆ ಸರಿಕಾಣದು. ಲೆಕ್ಕದ ಅವಸರದಲ್ಲಿ ಕತ್ತರಿಗೆ ಕಣ್ಣಿರುವುದಿಲ್ಲ. ಅರೇಬಿಕಾ ಫಸಲು ನಿಲ್ಲುವುದು ಹಿಂದಿನ ವರ್ಷ ಬೆಳೆದ ರೆಕ್ಕೆಗಳ ಮೇಲೆ. ಅವನ್ನು ತರಿದರೆ ಮುಂದಿನ ಕೊಯ್ಲಿನ ಚೀಲವೇ ಹೋದಂತೆ. ದಿನಗೂಲಿ ತುಸು ಹೆಚ್ಚಾದರೂ ಆದೀತು.

ಒಪ್ಪಂದಕ್ಕೆ ಮೊದಲು ನಾಲ್ಕು ಗಿಡ ಮಾಡಿಸಿ ನೋಡಿರಿ. ಒಣಗಿದ್ದು, ಫಸಲು ಕೊಟ್ಟು ಸೋತದ್ದು, ಒಳಗೆ ಅಡ್ಡಾದಿಡ್ಡಿ ಹೆಣೆದದ್ದು, ನೆಲಕ್ಕೆ ತಾಗುವುದು ಇವೆಲ್ಲ ಹೋಗಿ ಗಿಡದ ನಡುವಿಗೆ ಬೆಳಕು ಇಳಿಯಬೇಕು. ಕಂಬಚಿಗುರನ್ನು ಮೋಟು ಬಿಡದೆ ತೆಗೆದರೆ ಕೈ ಪಳಗಿದೆಯೆಂದು ತಿಳಿಯಿರಿ. ಕಾಂಡದ ಮೇಲೆ ಉಬ್ಬುಗೆರೆ ಕಂಡೊಡನೆ ನಿಮ್ಮನ್ನು ಕೂಗಿ ಕರೆಯುವವರಿದ್ದರಂತೂ ಬಿಡಲೇಬೇಡಿ. ಅದು ಬಿಳಿ ಕಾಂಡಕೊರಕದ ಗುರುತು. ಏಪ್ರಿಲ್‌ನಲ್ಲಿ ದುಂಬಿ ಹೊರಬೀಳುವ ಮುನ್ನ ಆ ಗಿಡವನ್ನು ಕಿತ್ತು ಸುಡಬೇಕು.

ರೊಬಸ್ಟಾಕ್ಕೆ ಇಷ್ಟು ಕಸಿ ಬೇಡ. ಬೇಲಿ ಸವರುವುದಿದ್ದರೆ ಅವರಿಂದಲೇ ಮಾಡಿಸಿ, ಸೊಪ್ಪನ್ನು ಅಡಿಕೆ ಬುಡಕ್ಕೆ ಹಾಕಿಸಿರಿ. ಮರಗಸಿ ಮಾತ್ರ ಬೇರೆಯೇ ವಿದ್ಯೆ, ಕತ್ತರಿ ಬಲ್ಲವರೆಲ್ಲ ಮರ ಹತ್ತಬಲ್ಲವರಲ್ಲ. ಯಾರೇ ಬರಲಿ, ವಿದ್ಯುತ್ ತಂತಿ ಹಾದಿರುವ ಕಡೆ ಅಲ್ಯೂಮಿನಿಯಂ ಏಣಿಯನ್ನು ತರಗೊಡಬೇಡಿ.