ತಗಡಿನ ಮನೆಯಲ್ಲಿ ಹಿರಿಯರಿದ್ದಾರೆಯೇ? ಬಿಸಿಲಿಗಿಂತ ಒಳಗಿನ ಸೆಕೆಯೇ ಅಪಾಯ

ಪುಣೆ: 'ಬಿಸಿಲಿಗೆ ಹೋಗಬೇಡಿ, ಮನೆಯಲ್ಲೇ ಇರಿ' ಎಂಬುದು ಬೇಸಿಗೆಯಲ್ಲಿ ಹಿರಿಯರಿಗೆ ಎಲ್ಲರೂ ಹೇಳುವ ಮಾತು. ಆದರೆ ಪುಣೆಯ ಯೆರವಡಾದ ಕಿರಿದಾದ ಓಣಿಗಳಲ್ಲಿ, ತಗಡಿನ ಶೀಟ್ ಹೊದಿಸಿದ ಒಂದು ಕೋಣೆಯ ಮನೆಯಲ್ಲಿರುವ ವೃದ್ಧರಿಗೆ ಈ ಸಲಹೆ ಸಾಲದು. ಮಧ್ಯಾಹ್ನ ಶೀಟ್ ಕಾದರೆ ಹೊರಗಿನ ಮರದ ನೆರಳಿಗಿಂತ ಮನೆಯ ಒಳಗೇ ಸೆಕೆ ಹೆಚ್ಚು.

ಯೆರವಡಾದ ಕೊಳೆಗೇರಿಗಳಲ್ಲಿ ನರ್ಮ್ ಯೋಜನೆಯಡಿ ಹಲವು ಕುಟುಂಬಗಳಿಗೆ ಇದ್ದ ಜಾಗದಲ್ಲೇ ಸುಮಾರು 270 ಚದರಡಿಯ ಪಕ್ಕಾ ಮನೆ ಸಿಕ್ಕಿದೆ. ಆದರೆ ಕಾಂಕ್ರೀಟ್ ಚಾವಣಿಯೂ ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುತ್ತದೆ.

ಎಚ್ಚರಿಕೆ ಇಲ್ಲದಿದ್ದರೂ ಅಪಾಯ

ಬಯಲು ಪ್ರದೇಶದಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿದ್ದರೆ ಅಥವಾ 45 ಡಿಗ್ರಿ ತಲುಪಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಈ ಅಳತೆ ತೆರೆದ ಜಾಗದ ನೆರಳಿನದ್ದು, ಶೀಟ್ ಮನೆಯದ್ದಲ್ಲ. ಮನೆಯೊಳಗೆ ಹಗಲು 32, ರಾತ್ರಿ 24 ಡಿಗ್ರಿಗಿಂತ ಕಡಿಮೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಬೆವರುವುದೂ ಕಡಿಮೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರು ಇಳಿಸುತ್ತವೆ. ಕೂಲರ್ ಕೊಳ್ಳೋಣವೆಂದರೆ ಹಣವಿಲ್ಲ: ಬಡ ವೃದ್ಧರ ಪಿಂಚಣಿಯಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ ಮಾತ್ರ.

ಅಹಮದಾಬಾದ್ ಕಲಿತ ಪಾಠ

2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್‌ನಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾಗಿದ್ದವು ಎಂದು ಅಧ್ಯಯನ ಅಂದಾಜಿಸಿತು. 2013ರಲ್ಲಿ ಆ ನಗರ ಶಾಖ ನಿರ್ವಹಣಾ ಯೋಜನೆ ತಂದಿತು. ಮುಂದೆ ಬಡವರ ಚಾವಣಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅದಕ್ಕೆ ಸೇರಿತು. 1995ರಲ್ಲಿ ಅಮೆರಿಕದ ಶಿಕಾಗೊದಲ್ಲಿ 700ಕ್ಕೂ ಹೆಚ್ಚು ಜನ ಸತ್ತಾಗ, ಅವರಲ್ಲಿ ಅನೇಕರು ಒಂಟಿಯಾಗಿದ್ದ ವೃದ್ಧರು. ಬಾಗಿಲು ತಟ್ಟಿ ವಿಚಾರಿಸುವವರೇ ಇರಲಿಲ್ಲ.

ಏನು ಮಾಡಬಹುದು?

* ಚಾವಣಿಗೆ ಶಾಖ ತಡೆಯುವ ಬಿಳಿ ಬಣ್ಣ ಬಳಿಯಿರಿ. ಒಳಗಿನ ಸೆಕೆ 2ರಿಂದ 5 ಡಿಗ್ರಿ ಇಳಿಯಬಹುದು.
* ಮಧ್ಯಾಹ್ನ 12ರಿಂದ 4ರವರೆಗೆ ಹಿರಿಯರನ್ನು ದೇವಸ್ಥಾನ, ಸಮುದಾಯ ಭವನ ಅಥವಾ ಮರದ ನೆರಳಿಗೆ ಕರೆದೊಯ್ಯಿರಿ.
* ಬಾಯಾರಿಕೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಲಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.
* ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನ್ ಒಂದನ್ನೇ ನಂಬಬೇಡಿ. ಅದು ಬಿಸಿಗಾಳಿಯನ್ನೇ ಬೀಸುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿ.
* ಒಂಟಿ ಹಿರಿಯರನ್ನು ದಿನಕ್ಕೆ ಎರಡು ಬಾರಿ ಮಾತನಾಡಿಸಿ.

ಹಿರಿಯರು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕಲಬುರಗಿ, ರಾಯಚೂರಿನ ಶೀಟ್ ಮನೆಗಳಿಗೂ ಇದೇ ಮಾತು ಅನ್ವಯ. ಮಕ್ಕಳು ಪುಣೆ, ಮುಂಬೈಗೆ ದುಡಿಯಲು ಹೋಗಿ ಊರಲ್ಲಿ ಹೆತ್ತವರಷ್ಟೇ ಉಳಿದಿದ್ದರೆ, ಮಧ್ಯಾಹ್ನ ಒಂದು ಫೋನ್ ಮಾಡಿ, ಪಕ್ಕದ ಮನೆಯವರ ನಂಬರ್ ಕೈಯಲ್ಲಿರಲಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14567.